ಕಡಲಗುಹೆಯಲ್ಲಿ ಕಳೆದ ಇಷ್ಟಲಿಂಗ

"ನನ್ನ ಲಿಂಗ ಹೋತು!"

ಬಸವೇಶ್ವರಿಯ ಕೂಗಿಗೆ ಕಡಲಗುಹೆಯೇ ಬೆಚ್ಚಿತು. ಕೊರಳಲ್ಲಿದ್ದ ಬೆಳ್ಳಿ ಕರಡಿಗೆ ಮಾಯ, ಅದರೊಳಗಿನ ಇಷ್ಟಲಿಂಗವೂ ಮಾಯ. ತೆಲಂಗಾಣದಲ್ಲಿ ನಾರಾಯಣಪೇಟೆ ಜಿಲ್ಲೆಯಾದ ವರ್ಷವದು. ಆ ಕಡೆಯಿಂದ ಗುಜರಾತಿನ ಸೋಮನಾಥಕ್ಕೆ ಬಂದ ಯಾತ್ರಿಗಳು ಹತ್ತಿರದ ದಿಯುವಿನ ಸುಣ್ಣಕಲ್ಲಿನ ಗುಹೆಗಳನ್ನೂ ನೋಡಲು ಇಳಿದಿದ್ದರು.

"ಜಾರಿದಾಗ ಅಲೆ ಎಳಕೊಂಡು ಹೋಗೇತಿ, ಅತ್ತಿ," ಎಂದ ಅಣ್ಣನ ಮಗ ಶಿವಕಾಂತ.

"ಲಿಂಗ ಸಿಗೋತನಕ ಹನಿ ನೀರೂ ಮುಟ್ಟಂಗಿಲ್ಲ!"

ಗುಹೆಯಲ್ಲೇ ಪೂಜೆ ಮಾಡಿ ಉಣ್ಣುವೆನೆಂದು ಬೆಳಿಗ್ಗೆಯಿಂದ ಉಪವಾಸವಿದ್ದಳು. ಮೊದಲೇ ಸಕ್ಕರೆ ಕಾಯಿಲೆ. ಆಗಲೇ ಬಂಡೆಗೊರಗಿ ಕುಳಿತುಬಿಟ್ಟಿದ್ದಳು.

ಮಕ್ತಲದ ನಿವೃತ್ತ ಪೊಲೀಸ್ ಶಿವಬಸಮ್ಮ ಬಸವೇಶ್ವರಿಯ ಸೆರಗಿಗೆ ಸಿಕ್ಕಿದ್ದ, ಕರಡಿಗೆ ಕಟ್ಟುವ ಶಿವದಾರವನ್ನು ಎತ್ತಿ ನೋಡಿದಳು. ತುದಿ ಹರಿದಿರಲಿಲ್ಲ, ಕತ್ತರಿಸಿದಂತಿತ್ತು.

"ಅಲೆ ಕತ್ತರಿ ಹಿಡಕೊಂಡು ಬರಂಗಿಲ್ಲರೀ."

* * *

ಜಾರಿದಾಗ ಆಕೆಯನ್ನು ಹಿಡಿದವರು ಇಬ್ಬರೇ: ಶಿವಕಾಂತ ಮತ್ತು ಗದ್ವಾಲದ ನೇಕಾರ ಮಾರ್ಕಂಡೇಯ. ಮಾರ್ಕಂಡೇಯನ ಜೇಬಿನಲ್ಲಿ ಎಳೆ ಕತ್ತರಿಸುವ ಪುಟ್ಟ ಕತ್ತರಿ ಸಿಕ್ಕಿತು. ಸಾಕಲ್ಲ, ಎಲ್ಲರ ಕಣ್ಣೂ ಅವನ ಮೇಲೆ!

"ಅಯ್ಯೋ ದೇವುಡಾ! ಚೀಲಾನೂ ನೋಡ್ರಿ!"

ಚೀಲದಲ್ಲಿ ಏನೂ ಇರಲಿಲ್ಲ. ಶಿವಕಾಂತನ ಜೇಬು, ಚೀಲಗಳಲ್ಲೂ ಇಲ್ಲ.

ಅಷ್ಟರಲ್ಲಿ ನೀರೇರತೊಡಗಿತು. ಶಿವಬಸಮ್ಮ ಗೋಡೆಯ ಗೂಡುಗಳಿಗೆ ಕೈ ಹಾಕುತ್ತ ಹೋದಳು. ಅಲೆಯ ಒದ್ದೆ ಗುರುತಿಗಿಂತ ಎಷ್ಟೋ ಮೇಲಿನ ಗೂಡಿನಲ್ಲಿ ಸಣ್ಣ ಗಂಟು. ಸವೆದ ಕಾವಿ ಬಟ್ಟೆ, ಅದಕ್ಕೆ ವಿಭೂತಿಯ ಕಲೆ. ಒಳಗೆ ಲಿಂಗ! ಬೆಳ್ಳಿ ಕರಡಿಗೆ ಮಾತ್ರ ಇರಲಿಲ್ಲ.

"ನಂದೇ ತಾಯಿ, ನಂದೇ!" ಬಸವೇಶ್ವರಿ ಗಳಗಳನೆ ಅತ್ತಳು. ಹೋದ ಜೀವ ಬಂದಂತಾಯಿತು ಎಲ್ಲರಿಗೂ.

* * *

ಮೇಲೆ ಬಂದ ಮೇಲೆ ಶಿವಬಸಮ್ಮ, "ಲಿಂಗ ಕಟ್ಟಿದವರೆಲ್ಲ ಅಕ್ಕನ ಜೋಡಿ ಪೂಜಾ ಮಾಡೋಣು, ತೆಗೀರಿ," ಎಂದಳು.

ಶಿವಕಾಂತ ಅಂಗಿಯ ಗುಂಡಿಗೆ ಕೈ ಹಚ್ಚಲಿಲ್ಲ.

"ಯಾಕಪ್ಪಾ? ನಿನ್ನೆ ಪೂಜಾದಾಗ ನಿನ್ನ ಲಿಂಗ ಕಾವಿ ಬಟ್ಟಿಯೊಳಗಿತ್ತು. ಆ ಬಟ್ಟಿ ಎಲ್ಲಿ?"

ಅವನು ಅಂಗಿಯ ಎದೆ ಮುಚ್ಚಿ ಹಿಡಿದ.

"ಬ್ಯಾರೆ ಕಳ್ಳ ಆಗಿದ್ದರ ಲಿಂಗಾನ ಕಲ್ಲಂತ ಒಗೀತಿದ್ದ. ನಿನಗ ಹಂಗ ಮಾಡಾಕ ಮನಸ್ಸಾಗಲಿಲ್ಲ. ಬರೇ ಬಂಡೆಗಲ್ಲ ಮ್ಯಾಲೂ ಇಡಲಿಲ್ಲ. ಮಡಿ ಬಟ್ಟಿ ಇದ್ದದ್ದು ಅದೊಂದ. ಅತ್ತಿ ಲಿಂಗ ಅದರಾಗ ಕಟ್ಟಿದಿ, ನಿನ್ನ ಲಿಂಗ ಬೆಳ್ಳಿಯೊಳಗ ಇಟ್ಟಿ. ಲಿಂಗ ಕಟ್ಟಿದವನ ಎದಿ ಯಾರೂ ತಡಕಂಗಿಲ್ಲಂತ ಗೊತ್ತಿತ್ತು ನಿನಗ."

ಶಿವಕಾಂತ ಗುಂಡಿ ಬಿಚ್ಚಿದ. ಬೆಳ್ಳಿ ಹೊಳೆಯಿತು.

"ಮುತ್ಯಾನ ಕರಡಿಗಿ, ಅತ್ತಿ. ನಮ್ಮಪ್ಪಗ ಬರಬೇಕಾಗಿತ್ತು. ನೀ ಜಾರಿದಾಗ ಬ್ಲೇಡಿನಿಂದ ಕೊಯ್ದೆ, ಬ್ಲೇಡ್ ನೀರಿಗೆ ಒಗೆದೆ; ಎಲ್ಲಾರೂ ನಿನ್ನ ಎಬ್ಬಿಸೂವಾಗ ಲಿಂಗ ಗೂಡಿನಾಗ ಇಟ್ಟೆ. ಬಸ್ ಹತ್ತೂಕಿಂತ ಮೊದಲ ಲಿಂಗ ಸಿಕ್ತಂತ ತಂದು ಕೊಡ್ತಿದ್ದೆ. ನೀ ನೀರೂ ಬಿಡ್ತಿ ಅಂತ ತಿಳೀಲಿಲ್ಲ."

ಮಾರ್ಕಂಡೇಯ ನಿಟ್ಟುಸಿರು ಬಿಟ್ಟು ಅಲ್ಲೇ ಕೂತುಬಿಟ್ಟ.

ಬಸವೇಶ್ವರಿ ಪೂಜೆ ಮುಗಿಸಿ ಲಿಂಗವನ್ನು ಅದೇ ಕಾವಿ ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಳು.

"ಬೆಳ್ಳಿ ನೀನ ಇಟ್ಟುಕೋ, ಹುಚ್ಚಪ್ಪಾ. ಕೇಳಿದ್ದರ ಕೊಡ್ತಿದ್ದಿಲ್ಲೇನು? ಮೊದಲ ಮಾರ್ಕಂಡೇಯನ ಕಾಲು ಹಿಡಿ. ಆಮ್ಯಾಲ ರೊಟ್ಟಿ ಗಂಟು ಬಿಚ್ಚು. ಉಂಡು ಬೈತೀನಿ ನಿನಗ."