ಹದಿನಾಲ್ಕನೆಯ ಸಲಹೆ

"ಮೇಡಂ, ಒಂದು ಉಪಕಾರ ಆಗ್ಬೇಕಿತ್ತು. ನನ್ನ ಉಮ್ಮನನ್ನು ಸ್ವಲ್ಪ ಹೆದರಿಸ್ಬೇಕು!"

ಇರ್ಫಾನಾ ಬೆಚ್ಚಿ ತಲೆ ಎತ್ತಿದಳು.

ಒಮಾನಿನ ಅಲ್ ಅಜೈಬಾದ ಆ ಚಿಕ್ಕ ಟ್ರಾವೆಲ್ ಆಫೀಸಿಗೆ ನಾಲ್ಕು ವರ್ಷಗಳಿಂದ ಎಂತೆಂಥವರೋ ಬಂದಿದ್ದರು. ಹೀಗೆ ಕೇಳಿದವರು ಮಾತ್ರ ಯಾರೂ ಇರಲಿಲ್ಲ. ಎದುರಿಗೆ ನಿಂತವನಿಗೆ ಮೂವತ್ತೈದು ಇರಬಹುದು. ಹಣೆಯಲ್ಲಿ ಬೆವರು. ಒಂದು ಕಣ್ಣು ಬಾಗಿಲ ಕಡೆಗೇ ಇತ್ತು.

"ಅವರಿಗೆ ಸೈಪ್ರಸ್‌ಗೆ ಹೋಗ್ಬೇಕಂತೆ. ಸಮುದ್ರದ ನಡುವಿನ ದ್ವೀಪ! ಅಲ್ಲಿಗೆ ಬೇಸಿಗೆಯಲ್ಲಿ ಹೋಗ್ಲೇಬಾರ್ದು ಅಂತ ನೀವೊಂದು ಮಾತು ಹೇಳಿ. ಈಗ ಬರ್ತಾರೆ, ಕಾರಿನಿಂದ ಇಳೀತಿದ್ದಾರೆ."

"ನಾನು ಇಲ್ಲಿ ಕೂತಿರೋದು ಜನರನ್ನು ಕಳಿಸ್ಲಿಕ್ಕೆ. ಹೆದರಿಸ್ಲಿಕ್ಕೆ ಅಲ್ಲ," ಎಂದಳು ಇರ್ಫಾನಾ. ಸ್ವರ ಅವಳೆಣಿಸಿದ್ದಕ್ಕಿಂತ ಗಡಸಾಯಿತು.

ಪಕ್ಕದ ಮೇಜಿನ ವನೆಸ್ಸಾ ಫೈಲಿನ ಹಿಂದೆ ಮುಖ ಮರೆಸಿಕೊಂಡು ನಕ್ಕಳು.

ಅಷ್ಟರಲ್ಲಿ ಆಸಿಯಮ್ಮ ಒಳಗೆ ಬಂದರು. ಬಿಳಿಯ ದುಪಟ್ಟಾ, ಬೆರಳುಗಳ ನಡುವೆ ಸವೆದ ಜಪಮಣಿ. ಕುರ್ಚಿಯಲ್ಲಿ ಕೂತು, ಮಗನನ್ನೊಮ್ಮೆ ನೋಡಿ, ಹೇಳಿದರು.

"ಇವ ನಿನಗೆ ಏನೋ ಹೇಳಿರ್ತಾನೆ, ನಂಬಬೇಡ ಮಗಳೇ. ಇವನ ಹೆಸರು ಸಿನಾನ್. ಸೂರ್‌ನ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ. ಹೆದರುವುದು ಇನ್ನೊಂದು ಕೆಲಸ!"

ಹೋದ ವರ್ಷ ಅವರ ಪತಿ ನಸುಕಿನ ಸುಬ್ಹಿ ನಮಾಜಿಗೆ ಎದ್ದು, ಕೈಕಾಲು ತೊಳೆಯುವ ವುಝು ಮಾಡುತ್ತಲೇ ಕುಸಿದಿದ್ದರು. ಹಿಡಿದುಕೊಳ್ಳಲು ಸಿನಾನ್ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ಮಗನಿಗೆ ತಾಯಿ ಮೆಟ್ಟಿಲಿಳಿದರೂ ಭಯ.

"ಲಾರ್ನಕಾದಲ್ಲಿ ಉಪ್ಪಿನ ಕೆರೆಯ ದಡದ ಮೇಲೆ ಉಮ್ಮು ಹರಾಮ್ ಬೀವಿಯವರ ದರ್ಗಾ ಉಂಟು. ಪ್ರವಾದಿಯವರ ಕಾಲದವರು. ಸಮುದ್ರ ದಾಟಿ ಬಂದು ಅಲ್ಲೇ ಮಣ್ಣಾದವರು. ಒಟ್ಟಿಗೆ ಹೋಗುವ ಅಂತ ಇವನ ಬಾಪ ಹೇಳಿದ್ರು. ಅವರಿಗೆ ಆಗ್ಲಿಲ್ಲ... ನನಗಾದ್ರೂ ಆಗ್ಬೇಕಲ್ಲ?"

ಹೋದವರು ಉಳಿಸಿಹೋದ ಮಾತಿನ ಭಾರವನ್ನು ಇರ್ಫಾನಾ ಕೂಡ ಬಲ್ಲಳು.

"ಕಳಿಸ್ತೇನೆ ಉಮ್ಮ," ಎಂದಳು.

* * *

ಅವಳಲ್ಲಿ ಒಂದು ಪದ್ಧತಿಯಿತ್ತು. ಪ್ರವಾಸ ಹೋಗುವ ಪ್ರತಿ ಕುಟುಂಬಕ್ಕೂ ಕನ್ನಡದಲ್ಲಿ ಒಂದು ಸಲಹೆಯ ಹಾಳೆ ಬರೆದುಕೊಡುತ್ತಿದ್ದಳು. ಆದರೆ ಯಾರ ಹಾಳೆಯೂ ಸಿನಾನನ ಹಾಳೆಯಷ್ಟು ಉದ್ದವಾಗಿರಲಿಲ್ಲ. ಕಂಟ್ರೋಲ್ ರೂಮಿನಲ್ಲಿ ಕೆಲಸ ಮುಗಿದ ಕೂಡಲೇ ಸೂರ್‌ನಿಂದ ಅವನ ಫೋನ್ ಬರುತ್ತಿತ್ತು.

"ಅಲ್ಲಿ ಸಮುದ್ರದ ಕಲ್ಲುಗಳಲ್ಲಿ ಮುಳ್ಳಿನ ಪ್ರಾಣಿ ಇರ್ತದಂತಲ್ಲ?"

"ಇರ್ತದೆ. ರಬ್ಬರ್ ಚಪ್ಪಲಿ ಹಾಕಿ ಇಳಿಯಿರಿ. ಬರೀತೇನೆ."

"ಕೆಂಪು ಬಾವುಟ ಹಾರಿಸಿದ್ರೆ?"

"ನೀರಿಗೇ ಇಳಿಯಬೇಡಿ. ಅದನ್ನೂ ಬರೀತೇನೆ."

"ಕಾರು?"

"ಬಾಡಿಗೆ ಕಾರಿಗೆ ಕೆಂಪು ನಂಬರ್ ಪ್ಲೇಟ್. ಅಲ್ಲಿ ನಮ್ಮ ಊರಿನ ಹಾಗೆ ರಸ್ತೆಯ ಎಡಗಡೆ ಓಡಿಸ್ಬೇಕು, ಇಲ್ಲಿಯ ಹಾಗಲ್ಲ. ಮೊದಲ ದಿನ ನಿಧಾನ ಹೋಗಿ. ಪ್ಲಗ್ ಮಾತ್ರ ಇಲ್ಲಿಯದ್ದೇ, ಬೇರೆ ತಗೊಳ್ಬೇಡಿ. ಪಾಸ್‌ಪೋರ್ಟಿನ ಜೆರಾಕ್ಸ್ ಉಮ್ಮನ ಬ್ಯಾಗಿನಲ್ಲಿ ಒಂದು, ನಿಮ್ಮ ಬ್ಯಾಗಿನಲ್ಲಿ ಒಂದು. ಏನಾದ್ರೂ ಆದ್ರೆ ಒಂದು ಒಂದು ಎರಡು ಒತ್ತಿ. ಸಾಕಾ?"

"ನೀವು ಬರೆದ ಮೇಲೆ ನನಗೆ ಸ್ವಲ್ಪ ಧೈರ್ಯ. ನಿಮ್ಮ ಹಾಳೆಯಲ್ಲಿ ಇದ್ದದ್ದನ್ನೆಲ್ಲ ನಾನು ಹಾಗೇ ಮಾಡ್ತೇನೆ ನೋಡಿ," ಎಂದ ಅವನು.

ಫೋನಿಟ್ಟ ಮೇಲೂ ಅವಳ ತುಟಿಯಲ್ಲಿ ನಗು ಉಳಿದಿತ್ತು.

"ಇವತ್ತು ಫೋನ್ ಐದು ನಿಮಿಷ ಲೇಟ್ ಮಾರಾಯ್ತಿ. ಸೂರ್ ರೋಡಿನಲ್ಲಿ ಟ್ರಾಫಿಕ್ಕಾ?" ಎಂದು ವನೆಸ್ಸಾ ಕೆಣಕಿದಳು.

'ಏನಾಗುತ್ತಿದೆ ನನಗೆ?' ಇರ್ಫಾನಾ ತನ್ನನ್ನೇ ಕೇಳಿಕೊಂಡಳು. ಮನಸ್ಸಿನಲ್ಲಿ ಭಯ ಹುಟ್ಟಿತು.

ಅವಳ ಭಯಕ್ಕೆ ಕಾರಣವಿತ್ತು. ಐದು ವರ್ಷಗಳ ಹಿಂದೆ ಗಂಡ ಬಾದುಶಾ ದೂರದ ಬುರೈಮಿಯ ಅಂಗಡಿಯಿಂದ ಫೋನ್ ಮಾಡಿ, ಈ ವಾರವೂ ಬರುವುದು ತಡವಾಗುತ್ತದೆ ಎಂದಿದ್ದ. "ಹಾಗಾದ್ರೆ ಬರಲೇಬೇಡಿ!" ಎಂದು ಅವಳು ಸಿಟ್ಟಿನಲ್ಲಿ ಫೋನಿಟ್ಟಿದ್ದಳು. ಆ ಮಾತಿಗೆ ನೊಂದು ಅವನು ಅದೇ ಮಧ್ಯಾಹ್ನ ಹೊರಟ. ದಾರಿಯಲ್ಲಿ ಟ್ರಕ್ಕಿಗೆ ಡಿಕ್ಕಿಯಾಯಿತು... ಅವನು ಬರಲೇ ಇಲ್ಲ.

ಅಂದಿನಿಂದ ಅಣ್ಣನ ಮನೆಯಲ್ಲಿದ್ದ ಅವಳು ತನ್ನ ನಾಲಿಗೆಯನ್ನು ಹೆದರಿ ಹೆದರಿ ಬಳಸುತ್ತಿದ್ದಳು.

ಹೊರಡುವ ಮೂರು ವಾರ ಮೊದಲು ಸಿನಾನ್ ಫೋನಿನಲ್ಲಿ ತಡವರಿಸುತ್ತಾ ಕೇಳಿದ.

"ಮೂರನೇ ಟಿಕೆಟ್ ಒಂದು ಸಿಗಬಹುದಾ?"

"ಯಾರ ಹೆಸರಿಗೆ?"

"ಹೆಸರು... ಈಗ ಹೇಳ್ಲಿಕ್ಕಾಗುದಿಲ್ಲ. ಅವರನ್ನು ಇನ್ನೂ ಕೇಳ್ಬೇಕಷ್ಟೆ. ಅವರು ಒಪ್ಪಿದ್ರೆ ಮೊದಲು ನಿಕಾಹ್, ಆಮೇಲೆ..."

ಇರ್ಫಾನಾಳ ಕೈಯಲ್ಲಿದ್ದ ಪೆನ್ನು ನಿಂತಿತು.

'ಹುಡುಗಿಯನ್ನು ನೋಡಿಟ್ಟಿದ್ದಾನೆ... ನಾನೆಂಥ ಹುಚ್ಚಿ!'

"ಮುಬಾರಕ್," ಎಂದಳು. "ಸೀಟು ಭರ್ತಿಯಾಗಿದೆ."

ಸೀಟು ಭರ್ತಿಯಾಗಿರಲಿಲ್ಲ.

ಮರುದಿನ ಅವನು ಫೋನ್ ಮಾಡಿದಾಗ ಅವಳು ಎತ್ತಲಿಲ್ಲ. ಸಂಜೆ ಒಂದು ಸಂದೇಶ ಬಂತು. 'ಕೊನೆಯದಾಗಿ ಒಂದೇ ಪ್ರಶ್ನೆ. ಅಲ್ಲಿನ ಬಿಸಿಲು ಹೇಗೆ?'

ಹಾಳೆಯಲ್ಲಿ ಹದಿಮೂರು ಸಲಹೆಗಳಿದ್ದವು. ಒಂದೊಂದನ್ನೂ ನಾಲ್ಕು ಕಡೆ ವಿಚಾರಿಸಿ ಬರೆದಿದ್ದಳು. ಹದಿನಾಲ್ಕನೆಯದನ್ನು ಯಾರನ್ನೂ ವಿಚಾರಿಸಲಿಲ್ಲ. ಸಿಟ್ಟಿನಲ್ಲಿ ಗೀಚಿ, ಫೋಟೊ ತೆಗೆದು ಕಳಿಸಿಬಿಟ್ಟಳು.

'ಒಮಾನಿನಲ್ಲಿ ಇರುವವರಿಗೆ ಅಲ್ಲಿನ ಬಿಸಿಲು ಲೆಕ್ಕಕ್ಕೇ ಇಲ್ಲ.'

* * *

ಆಗಸ್ಟ್ ತಿಂಗಳ ಒಂದು ಶನಿವಾರ. ಗಡಿಯಾರದಲ್ಲಿ ಒಂದೂಕಾಲು.

ಇರ್ಫಾನಾಳ ಮೊಬೈಲ್ ಬಡಿದುಕೊಂಡಿತು. ಸಾವನ್ನು ಫೋನಿನಲ್ಲಿ ಕೇಳಿಸಿಕೊಂಡವರಿಗೆ ಆ ಸದ್ದು ಬರಿಯ ಸದ್ದಾಗಿ ಕೇಳುವುದಿಲ್ಲ. ಅವಳು ಎರಡನೆಯ ರಿಂಗಿಗೇ ಎತ್ತಿದಳು.

"ಮಗಳೇ... ನಾನು ಆಸಿಯಮ್ಮ. ಸಿನಾನ್ ಕಾಣುವುದಿಲ್ಲ ಮಗಳೇ!"

"ಏನಾಯ್ತು ಉಮ್ಮ? ಎಲ್ಲಿದ್ದೀರಿ?"

"ಕೆರೆಯ ಈಚೆ ದಡ. ಮರದಡಿಯ ಬೆಂಚಿನಲ್ಲಿ. ಬೆಳಿಗ್ಗೆ ಕಾರಿನಲ್ಲಿ ದರ್ಗಾಕ್ಕೆ ಹೋಗಿ ಝಿಯಾರತ್ ಮಾಡಿದೆವು. ವಾಪಸು ಬರುವಾಗ ಅವನನ್ನು ಕೇಳಿದೆ, ಎಂತ ಬೇಡಿಕೊಂಡೆ ಅಂತ. ಹೆದರಿಕೆಯಾಯ್ತು, ಕೇಳ್ಲಿಲ್ಲ ಅಂದ. ಇಷ್ಟು ದೂರ ಬಂದು ಕೇಳದೆ ಹೋಗ್ತೀಯಾ, ಹೋಗಿ ಕೇಳಿ ಬಾ ಅಂದೆ... ನಾನೇ ಕಳಿಸಿದ್ದು!"

"ಕಾರಿನಲ್ಲಿ ಹೋಗ್ಲಿಲ್ವಾ?"

"ರಸ್ತೆ ಸುತ್ತು. ಕೆರೆ ಒಣಗಿ ಬಿಳೀ ಬಯಲಾಗಿದೆ. ದರ್ಗಾದ ಗುಮ್ಮಟ ಇಲ್ಲೇ ಎದುರಿಗೆ ಕಾಣ್ತದೆ. ಹತ್ತು ನಿಮಿಷ ಉಮ್ಮ, ಬೇಡುವವ ನಡೆದೇ ಹೋಗ್ಬೇಕು ಅಂದ. ಬಿಸಿಲು ಮಗನೇ ಅಂದೆ. ಇರ್ಫಾನಾ ಬರೆದಿದ್ದಾರೆ, ನಮಗೆ ಇದು ಲೆಕ್ಕಕ್ಕಿಲ್ಲ ಅಂತ ನಕ್ಕ... ಒಂದೂವರೆ ಗಂಟೆಯಾಯ್ತು. ಕಪ್ಪು ಚುಕ್ಕೆಯ ಹಾಗೆ ಕಾಣ್ತಿದ್ದ. ಈಗ ಆ ಚುಕ್ಕೆಯೂ ಇಲ್ಲ!"

ಇರ್ಫಾನಾ ಕುರ್ಚಿಯಿಂದ ಎದ್ದಳು.

'ಯಾ ಅಲ್ಲಾಹ್! ಜಗತ್ತಿಗೆಲ್ಲ ಹೆದರುವವನು... ನನ್ನ ಒಂದು ಸುಳ್ಳನ್ನು ನಂಬಿ ಹೋದನಲ್ಲ!'

ನಮಗೆ ಬಿಸಿಲು ಗೊತ್ತು ಎಂಬುದು ಇಲ್ಲಿಯವರ ಹೆಮ್ಮೆ. ಆದರೆ ಅವರಿಗೆ ಗೊತ್ತಿರುವುದು ಕಾರಿನ ಗಾಜಿನ ಆಚೆಯ ಬಿಸಿಲು. ಮನೆಯಿಂದ ಕಾರಿಗೆ ಹತ್ತು ಹೆಜ್ಜೆ, ಕಾರಿನಿಂದ ಎಸಿಗೆ ಹತ್ತು ಹೆಜ್ಜೆ. ಒಮಾನಿನಲ್ಲಿ ಕಟ್ಟಡ ಕಟ್ಟುವ ಕೂಲಿಯವನನ್ನು ಕೂಡ ಬೇಸಿಗೆಯ ನಡುಮಧ್ಯಾಹ್ನ ಕಾಯ್ದೆಯೇ ನೆರಳಿಗೆ ಕಳಿಸುತ್ತದೆ. ಇದೆಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬರೆದಿದ್ದಳು.

"ಉಮ್ಮ, ನೀವು ನೆರಳು ಬಿಟ್ಟು ಏಳ್ಬೇಡಿ. ನೀರು ಕುಡೀತಾ ಇರಿ. ಫೋನ್ ಇಡ್ಬೇಡಿ. ವನೆಸ್ಸಾ! ಇದನ್ನು ಹಿಡಿ, ಉಮ್ಮನ ಹತ್ರ ಮಾತಾಡ್ತಾ ಇರು!"

ಆಫೀಸಿನ ಫೋನಿನಲ್ಲಿ ಲಾರ್ನಕಾದ ಹೋಟೆಲಿಗೆ ಕರೆ ಮಾಡಿದಳು. ಒಬ್ಬ ಹೆಂಗಸು ಎತ್ತಿದಳು. ಇರ್ಫಾನಾ ತನಗೆ ಬರುವ ಇಂಗ್ಲಿಷಿನಲ್ಲಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಆ ಹೆಂಗಸಿನ ದನಿ ಬದಲಾಯಿತು.

"ಈ ಹೊತ್ತಿನಲ್ಲಿ ಉಪ್ಪಿನ ಮೇಲೆಯೇ? ಮೇಲಿನ ಪದರ ಮಾತ್ರ ಗಟ್ಟಿ, ಕೆಳಗೆ ಕೆಸರು! ನಾನೀಗಲೇ ಪೊಲೀಸರಿಗೆ ಹೇಳುತ್ತೇನೆ."

ಇರ್ಫಾನಾ ವನೆಸ್ಸಾಳ ಮೊಬೈಲಿನಿಂದ ಸಿನಾನನಿಗೆ ಕರೆ ಮಾಡಿದಳು. ರಿಂಗಾಯಿತು, ನಿಂತಿತು. ಮತ್ತೆ ಮಾಡಿದಳು. ಮತ್ತೆ...

ಆರನೆಯ ಸಲ ಯಾರೋ ಎತ್ತಿದರು. ಮಾತಿಲ್ಲ. ಬರಿಯ ಉಸಿರು.

"ಸಿನಾನ್! ನಾನು ಇರ್ಫಾನಾ. ಕೇಳ್ತದಾ?"

"...ಎಲ್ಲಾ ಬಿಳಿ. ಗುಮ್ಮಟ ಹತ್ತಿರ ಬರುವುದೇ ಇಲ್ಲ. ಕಾಲು ಹೂತು ಹೋಗ್ತದೆ. ಬೆವರುವುದೂ ನಿಂತಿದೆ..."

"ಮುಂದೆ ಹೋಗ್ಬೇಡಿ! ಅಂಗಿ ಬಿಚ್ಚಿ ತಲೆಗೆ ಹಾಕ್ಕೊಳ್ಳಿ. ನೀರಿದ್ರೆ ಕುಡೀರಿ. ಜನ ಬರ್ತಿದ್ದಾರೆ, ಅವರಿಗೆ ಕಾಣುವ ಹಾಗೆ ಏನಾದ್ರೂ ಬೀಸಿ."

"ನೀರು ಮುಗಿದಿದೆ. ಲೆಕ್ಕಕ್ಕಿಲ್ಲ ಅಂತ... ನೀವು..."

"ಅದು ಸುಳ್ಳು!" ಅವಳು ಚೀರಿದಳು. "ಸಿಟ್ಟಿನಲ್ಲಿ ಬರೆದದ್ದು! ಬೇರೆ ಯಾರನ್ನೋ ಮದುವೆ ಆಗ್ತೀರಿ ಅಂತ ಹೊಟ್ಟೆ ಉರಿದು ಬರೆದದ್ದು! ಕೇಳ್ತದಾ? ನಿದ್ದೆ ಮಾಡ್ಬೇಡಿ! ಸಿನಾನ್!"

ಕರೆ ಕಡಿದುಹೋಗಿತ್ತು. ಅವಳು ಹೇಳಿದ್ದರಲ್ಲಿ ಎಷ್ಟು ಅವನಿಗೆ ಮುಟ್ಟಿತೋ ಅಲ್ಲಾಹನೇ ಬಲ್ಲ.

ಇರ್ಫಾನಾ ವನೆಸ್ಸಾಳ ಪಕ್ಕ ನೆಲದ ಮೇಲೆ ಕೂತಳು. ವನೆಸ್ಸಾ ಹಿಡಿದಿದ್ದ ಫೋನಿನಿಂದ ಆಸಿಯಮ್ಮ ಯಾಸೀನ್ ಅಧ್ಯಾಯ ಓದುವ ಸ್ವರ ತೇಲಿ ಬರುತ್ತಿತ್ತು. ಓದುತ್ತಾ ಓದುತ್ತಾ ಆ ಮುದುಕಿಯ ಸ್ವರ ಒಡೆಯಿತು. ಓದು ನಿಂತಲ್ಲಿಂದ ಇರ್ಫಾನಾ ಮುಂದುವರಿಸಿದಳು. ಅವಳ ಸ್ವರ ಒಡೆದಾಗ ಮತ್ತೆ ಆಸಿಯಮ್ಮ. ಕ್ರೈಸ್ತಳಾದ ವನೆಸ್ಸಾ ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದು ಕೈಯಿಂದ ಶಿಲುಬೆಯ ಗುರುತು ಮಾಡಿಕೊಂಡಳು.

'ಯಾ ಅಲ್ಲಾಹ್, ಅವನನ್ನು ನನಗೆ ಕೊಡಬೇಡ. ಅವನು ಯಾರಿಗಾದರೂ ಗಂಡನಾಗಲಿ... ಬದುಕಿರಲಿ ಅಷ್ಟೆ. ನನ್ನ ನಾಲಿಗೆಯಿಂದ ಇನ್ನೊಂದು ಜೀವ ಹೋಗದಿರಲಿ!'

ಮೂವತ್ತೆಂಟು ನಿಮಿಷ. ಆಮೇಲೆ ಆಫೀಸಿನ ಫೋನ್ ಬಡಿಯಿತು.

ಎತ್ತಲು ಇರ್ಫಾನಾಳಿಗೆ ಧೈರ್ಯವಾಗಲಿಲ್ಲ. ವನೆಸ್ಸಾ ಎತ್ತಿದಳು. ಕೇಳಿದಳು. ಅವಳ ಕಣ್ಣಿನಿಂದ ನೀರು ಇಳಿಯಿತು.

"ಹೇಳು ವನೆಸ್ಸಾ... ಇದ್ದಾನಾ?"

"ಇದ್ದಾನೆ ಮಾರಾಯ್ತಿ! ಆಸ್ಪತ್ರೆಗೆ ತಕೊಂಡು ಹೋಗಿದ್ದಾರೆ. ಬಿದ್ದಿದ್ದನಂತೆ, ಆದ್ರೆ ಬಿಳೀ ಅಂಗಿಯನ್ನು ಬೀಸ್ತಾನೇ ಇದ್ದನಂತೆ. ಜೀವ ಉಂಟು!"

ಇರ್ಫಾನಾ ಇದ್ದಲ್ಲೇ ಹಣೆಯನ್ನು ನೆಲಕ್ಕಿಟ್ಟು ಸುಜೂದಿಗೆ ಬಾಗಿದಳು.

* * *

ಹನ್ನೆರಡು ದಿನ ಕಳೆದವು. ಆಸಿಯಮ್ಮನಿಂದ ಸುದ್ದಿ ಬರುತ್ತಿತ್ತು. ಅವನು ಮಾತ್ರ ಒಮ್ಮೆಯೂ ಫೋನ್ ಮಾಡಲಿಲ್ಲ. 'ನನ್ನ ಮುಖ ನೋಡಲು ಅವನಿಗೆ ಮನಸ್ಸಾದರೂ ಹೇಗೆ ಬಂದೀತು?' ಎಂದುಕೊಂಡಳು.

ಹದಿಮೂರನೆಯ ದಿನ ಬಾಗಿಲು ತೆರೆಯಿತು.

ಅವನ ಮೂಗಿನ ಮೇಲೆ ಚರ್ಮ ಸುಲಿದಿತ್ತು. ತುಟಿ ಒಡೆದಿತ್ತು. ಕೈಯಲ್ಲಿ ಅದೇ ಹಾಳೆ, ಫೋಟೊದಿಂದ ಪ್ರಿಂಟ್ ತೆಗೆದದ್ದು. ಉಪ್ಪಿನ ಕೆಸರು ತಾಗಿ ಅಂಚುಗಳು ಬಿರುಸಾಗಿದ್ದವು.

"ಇದರಲ್ಲಿ ಒಂದು ತಿದ್ದುಪಡಿ ಆಗ್ಬೇಕಿತ್ತು," ಎಂದ.

ಇರ್ಫಾನಾ ತಲೆ ಎತ್ತಲಿಲ್ಲ. "ನನ್ನನ್ನು ಕ್ಷಮಿಸ್ಲಿಕ್ಕೆ ಆಗ್ತದಾ?"

"ಅದಲ್ಲ. ನೀವು ಫೋನಿನಲ್ಲಿ ಹೇಳಿದ್ದು ಅರ್ಧ ಮಾತ್ರ ಕೇಳಿತು. ಹೊಟ್ಟೆ ಉರಿದು ಅಂದ್ರಿ. ಆಮೇಲೆ ಎಂತ?"

"...ಆಮೇಲೆ ಎಂತದೂ ಇಲ್ಲ."

"ಹಾಗಾದ್ರೆ ನಾನು ಹೇಳ್ತೇನೆ. ಆ ಮೂರನೇ ಟಿಕೆಟಿನ ಹೆಸರು ನಿಮ್ಮದು. ಕೇಳ್ಲಿಕ್ಕೆ ಧೈರ್ಯ ಸಾಲ್ಲಿಲ್ಲ. ಬೀವಿಯವರ ದರ್ಗಾದಲ್ಲಿ ನಿಂತು ಅಲ್ಲಾಹನ ಹತ್ರವೂ ಕೇಳದೆ ಬಂದೆ. ಅದಕ್ಕೇ ತಿರುಗಿ ನಡೆದದ್ದು."

ಇರ್ಫಾನಾಳ ಕಣ್ಣು ತುಂಬಿ ಹಾಳೆಯ ಅಕ್ಷರಗಳು ಕಲಸಿಹೋದವು.

"ತಲುಪಲೇ ಇಲ್ಲವಲ್ಲ ನೀವು..."

"ಇಲ್ಲ. ಬಿದ್ದಲ್ಲೇ ಕೇಳಿದೆ. ಬುದ್ಧಿ ಇದ್ದವ ಆದ್ರೆ ಮೊದಲು ಜೀವ ಕೇಳ್ಬೇಕಿತ್ತು. ಅದು ಮರೆತೇ ಹೋಯ್ತು... ನಿಮ್ಮನ್ನೇ ಕೇಳಿದೆ."

ಅವಳು ಅಳುತ್ತಾ ನಕ್ಕಳು. ಪೆನ್ನು ತೆಗೆದು ಹದಿನಾಲ್ಕನೆಯ ಸಾಲನ್ನು ಹೊಡೆದುಹಾಕಿದಳು.

"ನನಗೆ ಹೆದರಿಕೆ ಆಗ್ತದೆ ಸಿನಾನ್. ನನ್ನ ನಾಲಿಗೆ ಒಳ್ಳೆಯದಲ್ಲ."

"ನನಗೆ ಎಲ್ಲದಕ್ಕೂ ಹೆದರಿಕೆ. ನಿಮಗೆ ಅದೊಂದಕ್ಕೇ ಅಲ್ವಾ? ನಿಭಾಯಿಸುವ."

ಅಷ್ಟರಲ್ಲಿ ಬಾಗಿಲಲ್ಲಿ ಆಸಿಯಮ್ಮ ಕಾಣಿಸಿಕೊಂಡರು.

"ಮಾತು ಮುಗೀತಾ? ನಾನು ಕಾರಿನಲ್ಲಿ ಬೆಂದು ಹೋದೆ! ಸಂಜೆ ನಿನ್ನ ಅಣ್ಣನ ಮನೆಗೆ ಬರ್ತೇವೆ ಮಗಳೇ, ದೊಡ್ಡವರ ಹತ್ರ ಕೇಳ್ಲಿಕ್ಕೆ. ಯಲ್ಲಾ ಸಿನಾನ್, ಹನ್ನೆರಡಾಯ್ತು, ಹೊರಡು."

ಸಿನಾನ್ ಒಂದು ಹೆಜ್ಜೆ ಇಟ್ಟ.

"ನಿಲ್ಲಿ!" ಎಂದಳು ಇರ್ಫಾನಾ.

ತನ್ನ ನೀರಿನ ಬಾಟಲಿಯನ್ನು ಅವನ ಕೈಗೆ ಕೊಟ್ಟಳು. ಮೇಜಿನ ಹಿಂದಿದ್ದ ಕೊಡೆಯನ್ನು ಎತ್ತಿಕೊಂಡು, ಅವನಿಗಿಂತ ಮೊದಲು ಬಾಗಿಲಿಗೆ ನಡೆದಳು.

"ಕಾರು ಇಲ್ಲೇ ಉಂಟಲ್ಲ. ಹತ್ತೇ ಹೆಜ್ಜೆ," ಎಂದ ಅವನು.

"ಇರ್ಲಿ. ಹತ್ತು ಹೆಜ್ಜೆಯೂ ನಾನು ಬರ್ತೇನೆ."