ರೇಣುಕವ್ವ ಸಾರಿಸಿದ ಗೋಡೆ

"ಆ ಗ್ವಾಡಿಗೆ ಮಾತ್ರ ಕೈ ಹಚ್ಚಬ್ಯಾಡ ಗೌರಾ. ಬಸುರಿ ಹೆಂಗಸು ನೀ. ಅದು ಕೂಸು ಬೇಡತೈತಿ."

ಇಷ್ಟು ಹೇಳಿ ರೇಣುಕವ್ವ ಮಣ್ಣಿನ ಬುಟ್ಟಿಯನ್ನು ಪಡಸಾಲೆಯಲ್ಲಿ ಇಳಿಸಿದಳು. ಗೌರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ವಿಜಾಪುರದ ಹೆಣ್ಣುಮಕ್ಕಳ ಸಾಲಿಯಲ್ಲಿ ಓದಿದವಳು ಅವಳು. ತಿಕೋಟಾದ ಜೋಳದ ವ್ಯಾಪಾರಿ ಅಮರಪ್ಪನಿಗೆ ಎರಡನೆಯ ಹೆಂಡತಿಯಾಗಿ, ರೇಣುಕವ್ವನಿಗೆ ಸವತಿಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಗೋಡೆ ಕೂಸು ಬೇಡುತ್ತದೆಯಂತೆ! ಹಾಗಾದರೆ ನಾಳೆ ಒಲೆ ಸೀರೆ ಬೇಡೀತು, ಒರಳು ಬಳೆ ಬೇಡೀತು.

"ಬೇಡೂದು ಗ್ವಾಡಿಯೋ, ಗ್ವಾಡಿ ಸಾರಸಾವರೋ ಯಕ್ಕಾ?" ಎಂದಳು.

ಮಾತು ಚುಚ್ಚಿದರೂ ರೇಣುಕವ್ವ ಸಿಟ್ಟಿಗೇಳಲಿಲ್ಲ. ಒಳಖೋಲಿಯ ಕಡೆ ನೋಡಿ ದನಿ ತಗ್ಗಿಸಿದಳು.

"ಇವರ ಮುತ್ಯಾಗ ಇಬ್ಬರು ಹೇಣ್ತ್ಯಾರು. ಸಣ್ಣಾಕಿಗೆ ಈ ಖೋಲಿ ಕಟ್ಟಿಸೂ ಮುಂದ ದೊಡ್ಡಾಕಿ ಹೊಟ್ಟಿಕಿಚ್ಚಿಗೆ ಮಾಟ ಮಾಡಿಸಿ, ತೊಟ್ಟಿಲ ಹಗ್ಗ ಗ್ವಾಡ್ಯಾಗ ಹುಗಿಸ್ಯಾಳ. ನಾ ಹೊಸದಾಗಿ ಬಂದಾಗ ಯಾರೂ ಹೇಳಲಿಲ್ಲ. ಬಸುರಿದ್ದಾಗೆಲ್ಲಾ ಸಾರಸಿದೆ. ಎಲ್ಲಾ ಹೋದುವು. ಈಗ ನನ್ನ ಹೊಟ್ಟ್ಯಾಗ ಅದಕ್ಕ ಸಿಗೂವಂಥದ್ದು ಏನೂ ಇಲ್ಲ. ಅದಕ್ಕ ನಾನ ಸಾರಸತೇನಿ. ಹಂಗ ಬಿಟ್ಟರ ಬಿರಕು ಬಾಯಿ ತೆರಿತೈತಿ."

ಗೌರಾಬಾಯಿ ಕೇಳಿಸಿಕೊಂಡಳು, ನಂಬಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಸ್ವಭಾವ ಅವಳದು. ಇಷ್ಟಕ್ಕೂ ನಂಬಿಕೆಯ ಪ್ರಶ್ನೆ ಅದಾಗಿರಲೇ ಇಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಹೊಟ್ಟೆಕಿಚ್ಚು. ಅದೂ ಅಂತಿಂಥದ್ದಲ್ಲ, ಉಂಡ ಅನ್ನ ಮೈಗೆ ಹತ್ತದಂಥ ಹೊಟ್ಟೆಕಿಚ್ಚು.

ಒಳಖೋಲಿಯನ್ನು ಗಂಡ ಅವಳಿಗೇ ಕೊಟ್ಟಿದ್ದ. ಆದರೆ ಆ ಖೋಲಿಯ ಹಿಂಬದಿಯ ಗೋಡೆ ತುಂಬ ರೇಣುಕವ್ವನ ಬೆರಳುಗಳಿದ್ದವು. ಹಸಿಮಣ್ಣಿನ ಮೇಲೆ ನಾಲ್ಕು ಬೆರಳು ಎಳೆದೆಳೆದು ಜೋಳದ ತೆನೆಯಂಥ ಗೆರೆ ಮೂಡಿಸಿದ್ದಳು. ಕಲ್ಲಿನ ಉಬ್ಬು, ತಗ್ಗು, ಬಿರುಕು ಒಂದೂ ಕಣ್ಣಿಗೆ ಬೀಳದ ಹಾಗೆ. ಅಮರಪ್ಪ ಉಂಡ ಮೇಲೆ ಎಲೆ ಹಾಕಿಕೊಳ್ಳುತ್ತ ಆ ಗೋಡೆಗೇ ಒರಗುವನು. ಮಾತಾಡುತ್ತ ಆಡುತ್ತ ಅವನ ಬೆರಳು ಆ ಗೆರೆಗಳ ಮೇಲೆ ಹರಿದಾಡುವುದು. "ರೇಣುಕಿ ಕೈ ಅಂದ್ರ ಕೈ," ಎನ್ನುವನು. ಪಕ್ಕದಲ್ಲೇ ಕೂತ ಗೌರಾಬಾಯಿಗೆ ಮೈಯೆಲ್ಲ ಉರಿಯುವುದು. ಗಂಡ ಸವತಿಯ ಖೋಲಿಗೆ ಹೋಗಿದ್ದರೂ ಅವಳು ಸಹಿಸುತ್ತಿದ್ದಳೇನೋ. ತನ್ನ ಖೋಲಿಯಲ್ಲೇ ಕೂತು ಸವತಿಯ ಬೆರಳು ಸವರುತ್ತಾನಲ್ಲ!

ನವರಾತ್ರಿ ಹತ್ತಿರ ಬಂದಿತ್ತು. ಊರೆಲ್ಲ ಮನೆ ಸಾರಿಸುವ ಗಡಿಬಿಡಿ. ಅಮರಪ್ಪ ವಿಜಾಪುರದ ಪೇಟೆಗೆ ಹೋಗಿದ್ದ. ಮಧ್ಯಾಹ್ನ ರೇಣುಕವ್ವ ಬಿಳಿಮಣ್ಣು ತರಲು ಹಳ್ಳದ ಕಡೆ ಹೊರಟಳು. ಅವಳು ಓಣಿ ತಿರುಗುವುದನ್ನೇ ಕಾದಿದ್ದ ಗೌರಾಬಾಯಿ ಸೀರೆ ಎತ್ತಿಕಟ್ಟಿ, ಕಲಸಿಟ್ಟ ಮಣ್ಣಿನ ಬುಟ್ಟಿಯನ್ನು ಒಳಖೋಲಿಗೆ ಎಳೆದುಕೊಂಡಳು.

ಖೋಲಿಗೆ ಕಿಟಕಿಯಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ರೊಟ್ಟಿಯಗಲದ ಬಿಸಿಲು ನೆಲಕ್ಕೆ ಬಿದ್ದಿತ್ತು, ಅಷ್ಟೆ. ಯುದ್ಧದ ಕಾಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಹಗಲಲ್ಲಿ ದೀಪ ಹಚ್ಚುವ ಮಾತೇ ಇಲ್ಲ. ಗೌರಾಬಾಯಿ ಖುರಪಿ ಹಿಡಿದು ಹಳೆಯ ಗೆರೆಗಳನ್ನು ಕೆರೆಯತೊಡಗಿದಳು. ಒಂದೊಂದು ತೆನೆ ಉದುರಿದಾಗಲೂ ಅವಳಿಗೆ ಹಿತವಾಯಿತು. ಸವತಿಯ ಜಡೆ ಹಿಡಿದು ಜಗ್ಗಿದಷ್ಟೇ ಹಿತ.

ಒಳಗಿನ ಗೋಡೆ ಬತ್ತಲಾಗಿ ನಿಂತಿತು. ಎಷ್ಟು ಕುರೂಪವಾಗಿತ್ತು! ಸೊಟ್ಟ ಕಲ್ಲುಗಳು, ಕುಳಿಗಳು, ನಡುವೆ ಮೇಲಿಂದ ಕೆಳಗಿನವರೆಗೆ ಒಂದು ಕಪ್ಪು ಬಿರುಕು. ಇಷ್ಟನ್ನೆಲ್ಲ ಅವಳು ಬೆರಳಲ್ಲೇ ಮುಚ್ಚಿದ್ದಳೇ ಎಂದು ಗೌರಾಬಾಯಿಗೆ ಅನಿಸಿತು. ಅನಿಸಿದ್ದಕ್ಕೇ ಮತ್ತಷ್ಟು ಸಿಟ್ಟು ಬಂತು.

ಮಣ್ಣು ಮೆತ್ತಿದಳು. ಗೋಣಿತಾಟಿನ ತುಂಡನ್ನು ಮುದ್ದೆ ಮಾಡಿ, ನೀರಲ್ಲಿ ಅದ್ದಿ, ಹಸಿಮಣ್ಣಿನ ಮೇಲೆ ಒತ್ತುತ್ತ ಹೋದಳು. ವಿಜಾಪುರದ ವಕೀಲರೊಬ್ಬರ ಬಂಗಲೆಯಲ್ಲಿ ಕಂಡ ಹರಳು ಹರಳಾದ ಗೋಡೆ ಅವಳ ಕಣ್ಣಲ್ಲಿತ್ತು. ಚೆನ್ನಾಗಿಯೇ ಬಂತು. ಉಬ್ಬು ತಗ್ಗೆಲ್ಲ ಹರಳಿನಲ್ಲಿ ಅಡಗಿಹೋದವು. ಇನ್ನು ಅವನು ಯಾರ ಬೆರಳು ಸವರುತ್ತಾನೋ ನೋಡೋಣ ಎಂದುಕೊಂಡಳು.

ಬಿರುಕೊಂದು ಉಳಿದಿತ್ತು. ಅದಕ್ಕೆ ಮಣ್ಣು ತುಂಬಿದಳು. ಮಣ್ಣು ಒಳಕ್ಕೆ ಹೋಯಿತು. ಮತ್ತೆ ತುಂಬಿದಳು. ಅದೂ ಹೋಯಿತು. ಬುಟ್ಟಿ ಖಾಲಿಯಾಗುತ್ತ ಬಂದರೂ ಬಿರುಕು ತುಂಬಲಿಲ್ಲ.

ಆಗ ವಾಸನೆ ಬಂತು. ಮಣ್ಣಿನದಲ್ಲ, ಸಗಣಿಯದೂ ಅಲ್ಲ. ಒಡೆದ ಹಾಲು, ಹಳೆಯ ರಕ್ತ, ಮುಚ್ಚಿದ ಬಾಣಂತಿ ಕೋಣೆಯ ಬೆವರು ಮೂರೂ ಕಲೆತಂಥ ವಾಸನೆ. ಅದರ ಹಿಂದೆಯೇ ಗೋಡೆಯೊಳಗಿಂದ ಒಂದು ಸದ್ದು. ಕಿರ್ರ್... ಕಿರ್ರ್... ಭಾರ ಹೊತ್ತ ಹಗ್ಗ ತೊಲೆಗೆ ಉಜ್ಜುವ ಸದ್ದು.

ಗೌರಾಬಾಯಿ ಕೈ ಹಿಂದೆ ತೆಗೆಯಹೋದಳು. ಕೈ ಬರಲಿಲ್ಲ.

ಮಣ್ಣು ಬೆಚ್ಚಗಾಗಿತ್ತು. ಬೆರಳುಗಳನ್ನು ಯಾರೋ ಹಿಡಿದಿದ್ದರು. ಸಣ್ಣ ಸಣ್ಣ ಕೈಗಳು. ಹಲ್ಲಿಲ್ಲದ ಬಾಯಿಯೊಂದು ಬೆರಳ ತುದಿ ಚೀಪುತ್ತಿತ್ತು. ಜಗ್ಗಿದಳು. ಮಣಿಕಟ್ಟು ಒಳಕ್ಕೆ ಹೋಯಿತು. ಮತ್ತೆ ಜಗ್ಗಿದಳು. ಮೊಳಕೈ ಹೋಯಿತು. ಕಿರ್ರ್... ಕಿರ್ರ್... ತೂಗಾಟ ಜೋರಾಯಿತು. ಉಬ್ಬಿದ ಹೊಟ್ಟೆ ಹಸಿ ಗೋಡೆಗೆ ಅಂಟಿತು. ಬೆಳಗಿನಿಂದ ಒದೆಯುತ್ತಿದ್ದ ಕೂಸು ಸುಮ್ಮನಾಯಿತು.

ಸುಮ್ಮನೆ. ಪೂರ್ತಿ ಸುಮ್ಮನೆ.

"ಯಕ್ಕಾ!" ಎಂದು ಚೀರಿದಳು. "ಯಕ್ಕಾ, ನನ್ನ ಕೂಸು!"

ಹೊರಗೆ ಬುಟ್ಟಿ ಬಿದ್ದ ಸದ್ದಾಯಿತು. ರೇಣುಕವ್ವ ಓಡಿ ಬಂದಳು. ಒಂದು ಬೈಗುಳವಿಲ್ಲ, ನಾ ಹೇಳಿರಲಿಲ್ಲವೇ ಎಂಬ ಮಾತಿಲ್ಲ. ಎರಡೂ ಕೈಗಳನ್ನು ಬಿರುಕಿಗೆ ತುರುಕಿ ಹಣೆಯನ್ನು ಗೋಡೆಗೆ ಆನಿಸಿದಳು.

"ಇಕೀನ ಬಿಡು," ಎಂದಳು. "ನನ್ನ ಕಡೆ ಇನ್ನ ಒಂದ ಐತಿ. ಅದನ್ನ ತಗೊ. ಇಕಿ ಕೂಸು ಬಿಡು."

ಹಗ್ಗದ ಸದ್ದು ನಿಂತಿತು.

ಗೌರಾಬಾಯಿ ಹಿಂದಕ್ಕೆ ಬಿದ್ದಳು. ಹೊಟ್ಟೆಯೊಳಗೆ ಕೂಸು ಒಮ್ಮೆ ಹೊರಳಿತು, ಆಮೇಲೆ ಒದೆಯಿತು. ಅವಳು ಗಳಗಳನೆ ಅತ್ತಳು. ರೇಣುಕವ್ವ ಆಗಲೇ ಉಳಿದ ಮಣ್ಣು ಬಳಿದು ಬಿರುಕಿನ ಮೇಲೆ ಬೆರಳು ಎಳೆಯುತ್ತಿದ್ದಳು. ಗೋಡೆ ಮುಚ್ಚಿಕೊಂಡಿತು.

"ಏನ್ ಕೊಟ್ಟಿ ಯಕ್ಕಾ?"

ರೇಣುಕವ್ವ ಕೈ ತೊಳೆದುಕೊಂಡು ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಳು.

ಹೊತ್ತು ಮುಳುಗುವಾಗ ಅಮರಪ್ಪ ಬಂದ. ರುಮಾಲು ಬಿಚ್ಚುತ್ತ ಅಡುಗೆಮನೆಯತ್ತ ಇಣುಕಿ ಗಕ್ಕನೆ ನಿಂತ. ಆಮೇಲೆ ಊರವನು ಪರಸ್ಥಳದ ಹೆಂಗಸನ್ನು ಮಾತಾಡಿಸುವ ಮರ್ಯಾದೆಯಲ್ಲಿ ಕೇಳಿದ:

"ಯಾವೂರ್‍ರಿ ಯವ್ವಾ ನಿಮ್ಮದು?"

ರೇಣುಕವ್ವನ ಕೈಯಲ್ಲಿದ್ದ ರೊಟ್ಟಿ ಹರಿಯಿತು. ತಲೆಯ ಮೇಲೆ ಸೆರಗು ಎಳೆದುಕೊಂಡಳು. "ಹೊನವಾಡರಿ," ಎಂದಳು. ಅದು ಅವಳ ತವರು.

"ಯಾರ ಗೌರಾ ಇವರು?"

ಯಕ್ಕ ಗೋಡೆಗೆ ಕೊಟ್ಟದ್ದು ಏನೆಂದು ಗೌರಾಬಾಯಿಗೆ ತಿಳಿಯಿತು. ನಿಮ್ಮ ಹೇಣ್ತಿ ಅದಾಳ್ರಿ, ನನ್ನ ಕೂಸು ಉಳಿಸ್ಯಾಳ್ರಿ ಎಂಬ ಮಾತು ನಾಲಗೆಯ ತುದಿಗೆ ಬಂತು. ರೇಣುಕವ್ವ ಅವಳನ್ನೇ ನೋಡುತ್ತಿದ್ದಳು. ಆದರೆ ಗೌರಾಬಾಯಿಯ ಎದೆಯೊಳಗೆ ಏನೋ ಒಂದು ಹಿಗ್ಗಿತು. ಗಂಡ ಇನ್ನು ತನ್ನೊಬ್ಬಳವನು. ಪೂರಾ ತನ್ನವನು. ಆ ಹಿಗ್ಗಿಗೆ ಅವಳು ಹೆದರಿದಳು. ಆದರೂ ಬಾಯಿ ಆಡಿದ ಮಾತು ಬೇರೆ.

"ಗ್ವಾಡಿ ಸಾರಸಾಕ ಬಂದಾಳ್ರಿ. ಕೆಲಸ ಮುಗೀತು."

"ಹಂಗಾರ ಕತ್ತಲಾಗೂದ್ರಾಗ ಜ್ವಾಳ ಕೊಟ್ಟ ಕಳಸು. ಪಾಪ, ದೂರದ ಹಾದಿ."

ಗೌರಾಬಾಯಿ ಜೋಳ ತಂದು ರೇಣುಕವ್ವನ ಉಡಿಗೆ ಸುರಿದಳು. ಒಂದಿಷ್ಟು ಕಾಳು ನೆಲಕ್ಕೆ ಚೆಲ್ಲಿದವು. ರೇಣುಕವ್ವ ಒಂದೊಂದನ್ನೂ ಆರಿಸಿಕೊಂಡಳು. ಗಂಡನ ಮುಖವನ್ನು ಒಮ್ಮೆ ನೋಡಿ, ಹೊಸ್ತಿಲು ದಾಟಿ ಇಳಿದುಹೋದಳು. ಗೌರಾಬಾಯಿ ಕದ ಮುಂದೆ ಮಾಡಿ ಅಗಳಿ ಹಾಕಿದಳು.

ಉಂಡೆದ್ದ ಅಮರಪ್ಪ ಒಳಖೋಲಿಗೆ ಹೋದ. ಅಲ್ಲಿಂದಲೇ ಕೂಗಿದ: "ಗೌರಾ, ನಡುವ ಮಣ್ಣು ಉದುರಾಕತ್ತೈತಿ ನೋಡ. ಬಿರಕು ಬಿಡತೈತಿ. ಮುಂಜಾನೆ ನೀನ ಒಂದ ಕೈ ಸಾರಸಿಬಿಡು."

ಗೌರಾಬಾಯಿ ಹೊಟ್ಟೆ ಹಿಡಿದುಕೊಂಡು ಎದ್ದಳು. ಅಗಳಿ ತೆಗೆದು ಬರಿಗಾಲಲ್ಲಿ ಓಣಿಗೆ ಓಡಿದಳು. ಯಕ್ಕಾ ಎಂದು ಕೂಗಿದಳು, ಊರ ಹೊರಗಿನವರೆಗೂ ಕೂಗುತ್ತಲೇ ಹೋದಳು. ಹೊನವಾಡದ ಹಾದಿಯಲ್ಲಿ ಯಾರೂ ಇರಲಿಲ್ಲ.