ಈ ಘಮ ಯಾರಿಗೆ?

"ಏನ್ ಘಮಾ ಬಿಟ್ಟೈತಿ ಬೇ ಸೋಮವ್ವಾ ನಿಮ್ಮ ಮನಿ! ಬ್ಯಾನಿ ಬಿದ್ದವರ ಮನಿ ಅಂತ ಯಾರ ಅಂದಾರು? ಗುಡಿಯೊಳಗ ಕಾಲ ಇಟ್ಟಂಗ ಆತು ನೋಡು!"

ಬಾಜೂ ಮನೆಯ ಕೆಂಚವ್ವ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂಡುತ್ತ ಹೀಗೆ ಅಂದಾಗ, ಸೋಮವ್ವನ ಸೊಸೆ ಗಂಗಾ ಒಳಗಿನ ಕೋಣೆಯಿಂದ ಹೊರಗೆ ಬರುತ್ತಿದ್ದಳು. ಕೈಯಲ್ಲಿ ತಾಟು ಮುಚ್ಚಿದ ಬೋಗುಣಿ. ಅದರೊಳಗೆ ಮಾವ ಮಡಿವಾಳೆಪ್ಪನವರ ಕೊರಳ ತೂತಿನಿಂದ ಈಗಷ್ಟೇ ತೆಗೆದ ನಳಿಗೆ, ಅದಕ್ಕೆ ಅಂಟಿದ ಹಳದಿ ಕಫ, ಒರೆಸಿದ ಬಟ್ಟೆಯ ಚೂರುಗಳು. ಬೋಗುಣಿ ಕಂಡದ್ದೇ ಕೆಂಚವ್ವನ ಮೂಗು ಸೆರಗಿನೊಳಗೆ ಹೋಯಿತು. ಬಾಯಿ ಮಾತ್ರ ಸೆರಗಿನ ಆಚೆಯಿಂದ ಮತ್ತೆ ಹೊಗಳಿತು.

"ನಂದೇನ ಐತಿ ತಗೋ ಯವ್ವಾ, ಎಲ್ಲಾ ಲಿಂಗಪ್ಪನ ದಯಾ," ಎಂದಳು ಸೋಮವ್ವ. "ದಿನಾ ಪೂಜಿ ಆದಮ್ಯಾಲೆ ಲಿಂಗಕ್ಕ ಎರದ ನೀರ ಇರತೈತೆಲ್ಲಾ, ಪತ್ರಿ, ಗುಲಾಬಿ ಎಲ್ಲಾ ಬಿದ್ದಿದ್ದು? ಅದನ್ನ ಸೋಸಿ ಆ ಮಂಜಿನ ಮಷೀನಿಗೆ ಹಾಕತೇನಿ. ಮ್ಯಾಲೆ ನಾಕ ಹನಿ ಅತ್ತರ. ತೀರ್ಥ ಹೊಗಿ ಆಗಿ ಖೋಲಿ ತುಂಬ ಅಡ್ಡ್ಯಾಡತೈತಿ. ಅವರು ಎಳಕೊಂಡ ಉಸಿರೆಲ್ಲಾ ತೀರ್ಥನ ಆತಲ್ಲ!"

"ಗಂಡನ್ನ ಹಿಂಗ ನೋಡಕೊಳ್ಳಾಕ ಪುಣ್ಯಾ ಮಾಡಿರಬೇಕವಾ!"

ಬೋಗುಣಿಯೊಳಗಿನದನ್ನು ಗಂಗಾ ಹೇಗೋ ತಾಳಿಕೊಂಡಿದ್ದಳು. ಈ ಮಾತನ್ನು ತಾಳಲಾಗಲಿಲ್ಲ. ಗಂಡನ ಕೋಣೆಯ ಹೊಸ್ತಿಲು ದಾಟಿದರೆ ಉಸಿರು ಬಿಗಿಹಿಡಿದು ಮಷೀನಿಗೆ ನೀರು ಸುರಿದು, ಅವರ ಮುಖವನ್ನೂ ನೋಡದೆ ಹೊರಗೋಡುವ ಹೆಂಗಸು ಈ ಅತ್ತೆ! ಆಪರೇಶನ್ ಆಗಿ ಬಂದಾಗಿನಿಂದ ಗಂಡನ ಮಂಚದ ಮೇಲೆ ಒಮ್ಮೆಯಾದರೂ ಕೂತಿದ್ದಳೇ? ಕೂತಿರಲಿಲ್ಲ...

ಮಡಿವಾಳೆಪ್ಪನವರೆಂದರೆ ಬೈಲಹೊಂಗಲದ ಹತ್ತಿ ಪೇಟೆಯಲ್ಲಿ ಧ್ವನಿಗೇ ಹೆಸರಾದವರು. ಅಡತಿ ಅಂಗಡಿಯ ಮುಂದೆ ನಿಂತು ಅವರು ಹತ್ತಿಯ ಹರಾಜಿನ ಸವಾಲು ಕೂಗಿದರೆ ಚಕ್ಕಡಿಯ ಎತ್ತುಗಳು ಕಿವಿ ನಿಗುರಿಸುತ್ತಿದ್ದವಂತೆ. ಹಗಲೆಲ್ಲ ಹತ್ತಿಯ ಧೂಳು, ನಡುನಡುವೆ ಬೀಡಿ. ಕಡೆಗೆ ಗಂಟಲಲ್ಲಿ ಗಂಟು ಕಂಡಿತು. ಬೆಳಗಾವಿಯ ಡಾಕ್ಟರು ಜೀವ ಉಳಿಸಿದರು, ಧ್ವನಿಪೆಟ್ಟಿಗೆಯನ್ನು ತೆಗೆದುಬಿಟ್ಟರು. ಈಗ ಕೊರಳ ಬುಡದಲ್ಲಿ, ಶಿವದಾರ ಇಳಿಯುವ ಜಾಗದಲ್ಲೇ, ಒಂದು ತೂತು. ಉಸಿರು ಅಲ್ಲಿಂದಲೇ ಒಳಗೆ, ಅಲ್ಲಿಂದಲೇ ಹೊರಗೆ. ಕೆಮ್ಮಿದರೆ ಕಫವೂ ಅಲ್ಲಿಂದಲೇ. ಮಾತೆಲ್ಲ ಕೈಸನ್ನೆಗೆ ಇಳಿದಿತ್ತು.

ಮನೆಗೆ ಕಳಿಸುವ ಮೊದಲು ದವಾಖಾನೆಯ ಸಿಸ್ಟರ್ ಮನೆಯವರನ್ನೆಲ್ಲ ಕರೆದು ಹೇಳಿದ್ದಳು: "ಇನ್ನ ಇವರಿಗೆ ಮೂಗು ಅಂಬೋದು ಹೆಸರಿಗಷ್ಟ. ನಮ್ಮ ಮೂಗು ಗಾಳಿ ಸೋಸತೈತಿ, ಹಸಿ ಮಾಡತೈತಿ. ಇವರಿಗೆ ಗಾಳಿ ಸೀದಾ ಎದಿಗೆ. ಅದಕ್ಕ ಖೋಲಿ ಹಸಿ ಇರಬೇಕು. ಮಷೀನಿಗೆ ಕುದಿಸಿ ಆರಿಸಿದ ನೀರ ಹಾಕ್ರಿ, ಮತ್ತೇನೂ ಹಾಕಬ್ಯಾಡ್ರಿ. ದಿನಾ ತೊಳದು ಒಣಗಸ್ರಿ." ಮಗ ಶ್ರೀಶೈಲ ಹೊರಗೆ ಹೋಗಿ ನಿಂತಿದ್ದ. ಸೋಮವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕೇಳಿಸಿಕೊಂಡವಳು ಗಂಗಾ ಒಬ್ಬಳೇ.

ರಾಮದುರ್ಗಕ್ಕೆ ಕೊಟ್ಟ ಮಗಳು ಮೀನಾಳ ಗಂಡ ಪುಣೆಯಿಂದ ಮಷೀನು ತರಿಸಿ ಕೊಟ್ಟ. ಬಿಳಿ ಹೂಜಿಯಂಥದು. ಗುಂಡಿ ಒತ್ತಿದರೆ ತಣ್ಣನೆಯ ಮಂಜು ಬುಸುಬುಸು ಏಳುತ್ತಿತ್ತು. ಬೇಸಿಗೆಯ ಒಣಗಾಳಿಯಲ್ಲಿ ಮಾವನವರ ಉಸಿರು ಮೆತ್ತಗಾಯಿತು, ಕಫ ನೀರಾಗಿ ಸಲೀಸಾಗಿ ಬರತೊಡಗಿತು. ಹದಿನೈದು ದಿನ ಎಲ್ಲವೂ ನೆಟ್ಟಗಿತ್ತು. ಆಮೇಲೆ ಸೋಮವ್ವನ ತೀರ್ಥ ಶುರುವಾಯಿತು.

ಗಂಗಾ ಅಂದೇ ಹೇಳಿದ್ದಳು. "ಅತ್ತಿ, ಸಿಸ್ಟರ್ ಬರೇ ನೀರ ಅಂದಾರ. ಹೂವಿನ ನೀರ ಬ್ಯಾಡ್ರಿ, ಗಿಡಕ್ಕ ಹಾಕೂಣು."

"ನನಗ ಕಲಸಾಕ ಬಂದಿ? ದೇವರ ನೀರಿನಿಂದ ಯಾರಿಗರೆ ಕೇಡ ಆಗೇತೇನು? ಹೂಲಿಯೊಳಗ ಊರ ತುಂಬ ಗುಡಿ ಅದಾವಂತ, ಇಷ್ಟೂ ಭಕ್ತಿ ಕಲಿಲಿಲ್ಲ ನೀ ತವರಮನ್ಯಾಗ!"

"ಹಂಗಾರ ದಿನಾ ತೊಳಿಯಾಕರ ಕೊಡ್ರಿ..."

"ತೊಳದ ನೀರ ಎಲ್ಲಿ ಚೆಲ್ಲತೀ? ಬಚ್ಚಲಕ್ಕ? ಲಿಂಗದ ನೀರ ಗಟಾರಕ್ಕ ಹರಸ್ತೀಯಾ? ಆ ಮಷೀನಿಗೆ ಕೈ ಹಚ್ಚಬ್ಯಾಡ ನೀ. ಕಫಾ ಬಳದ ಕೈ ಅದು!"

ಗಂಗಾ ಗಂಡನ ಮುಖ ನೋಡಿದಳು. ಶ್ರೀಶೈಲ ರೊಟ್ಟಿ ಮುರಿಯುತ್ತ, "ಹೋಗ್ಲಿ ಬಿಡ, ಘಮಾ ಅಂತೂ ಬರತೈತಲ್ಲ. ಮನಿಗೆ ಬಂದವರು ಮೂಗ ಮುಚ್ಚೋದು ತಪ್ಪತು," ಎಂದ. ಮೂಗು! ಈ ಮನೆಯಲ್ಲಿ ಎಲ್ಲರಿಗೂ ಅವರವರ ಮೂಗಿನದೇ ಚಿಂತೆ... ಗಂಗಾ ಬೋಗುಣಿ ತೆಗೆದುಕೊಂಡು ಮಾವನ ಕೋಣೆಗೆ ನಡೆದಳು.

ತಿಂಗಳೊಪ್ಪತ್ತಿನಲ್ಲಿ ಮಾವನವರ ಕೆಮ್ಮು ಬಿಗಿಯಿತು. ಕಫ ಗಟ್ಟಿಯಾಗಿ ಅಂಟಿನಂತಾಯಿತು, ಬಣ್ಣ ಹಸಿರಿಗೆ ತಿರುಗಿತು, ಅದರೊಳಗೆ ರಕ್ತದ ಎಳೆ ಕಂಡಿತು. ಮಷೀನು ಹಚ್ಚಿದಾಗೆಲ್ಲ ಅವರು ಕೈಬೀಸಿ ಬೇಡ ಬೇಡ ಎನ್ನುತ್ತಿದ್ದರು. "ಹುಚ್ಚ ಹಿಡದಂಗ ಮಾಡತಾರ," ಎಂದು ಸೋಮವ್ವ ಮಷೀನನ್ನು ಮತ್ತಷ್ಟು ಅವರ ಹತ್ತಿರಕ್ಕೆ ಸರಿಸುತ್ತಿದ್ದಳು. ಕೋಣೆಯಲ್ಲಿ ಈಗ ಗುಲಾಬಿಯ ಘಮದ ಕೆಳಗೆ ಇನ್ನೊಂದು ವಾಸನೆ ಇತ್ತು. ಸಿಹಿಯಾಗಿ ಕೊಳೆತ ವಾಸನೆ. ಊರಿನ ಡಾಕ್ಟರು ಬಂದು ಎದೆಗೆ ಸ್ಟೆಥಾಸ್ಕೋಪ್ ಇಟ್ಟು ನೋಡಿ, "ಎದಿ ತುಂಬ ಸೋಂಕಾಗೇತಿ. ಎಲ್ಲಿಂದೋ ಹೊಲಸ ಒಳಗ ಹೋಗಾಕ ಹತ್ತೈತಿ. ನಾಳೆ ಬೆಳಗಾವಿಗೆ ಒಯ್ಯರಿ. ತಡಾ ಮಾಡಿದ್ರ ಜೀವ ಉಳಿಯೂದಿಲ್ಲ," ಎಂದು ಸೂಜಿ ಚುಚ್ಚಿ ಹೋದರು.

ಸುದ್ದಿ ಕೇಳಿ ಮೀನಾ ರಾಮದುರ್ಗದಿಂದ ಓಡಿಬಂದಳು. ಪಡಸಾಲೆಯಲ್ಲಿ ತಾಯಿ, ಮಗ, ಮಗಳು ಕೂತರು. ಕೆಂಚವ್ವನೂ ಬಂದು ಕಂಬ ಹಿಡಿದಳು.

"ಹೊಲಸ ಎಲ್ಲಿಂದ ಅಂತ ಡಾಕ್ಟರ ಕೇಳಿದ್ರಲ್ಲ?" ಸೋಮವ್ವ ಅಳುತ್ತಲೇ ಗುಡುಗಿದಳು. "ಇಕಿ ಕೈಲಿಂದ! ನಳಗಿ ತೊಳಿಯಾಕಿ ಇಕಿ, ಬಟ್ಟಿ ಹಾಕಾಕಿ ಇಕಿ. ನನ್ನ ಗಂಡನ್ನ ಕೊಲ್ಲಾಕ ಹತ್ತಾಳ! ನಾಳಿಗೆ ಹೂಲಿಗೆ ನಡಿ ನೀ. ಇನ್ನ ಅವರನ ಮುಟ್ಟಬ್ಯಾಡ!"

"ವೈನಿ, ಸಾಬಾಣ ಹಚ್ಚಿ ಕೈ ತೊಳಕೋತೀರೋ ಇಲ್ಲೋ ನೀವು?" ಎಂದಳು ಮೀನಾ, ಕರವಸ್ತ್ರ ಮೂಗಿಗೆ ಒತ್ತಿಕೊಂಡು.

"ನಾ ಹೋದ್ರ ಅವರ ನಳಗಿ ಯಾರ ತೆಗೀತೀರಿ?" ಎಂದು ಕೇಳಿದಳು ಗಂಗಾ.

ಶ್ರೀಶೈಲ ನೆಲ ನೋಡಿದ.

"ಹೇಳ್ರಿ! ಮೀನಾಬಾಯಿ, ನೀವು ತೆಗೀತೀರಿ? ಅತ್ತಿ, ನೀವು? ತಾಸಿಗೊಮ್ಮಿ ತೆಗೀಲಿಲ್ಲಂದ್ರ ಕಫಾ ಕಟಗೊಂಡು ಉಸಿರ ನಿಂತು ಸಾಯತಾರ ಅವರು! ಗೊತ್ತೈತೇನ್ ನಿಮಗ?"

ಉತ್ತರಕ್ಕೆ ಕಾಯದೆ ಗಂಗಾ ಒಳಗೆ ಹೋದಳು. ಮಷೀನಿನ ವಾಯರು ಕಿತ್ತಳು. ನೀರಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಪಡಸಾಲೆಯ ನಡುವೆ ಇಟ್ಟು ಮುಚ್ಚಳ ತಿರುವಿದಳು.

ಅಬ್ಬಬ್ಬಾ! ಕೆಂಚವ್ವ "ಶಿವಶಿವಾ" ಎಂದು ಹಾರಿ ಹಿಂದೆ ಸರಿದಳು. ಅತ್ತರಿನ ಎಣ್ಣೆ ನೀರಿನ ಮೇಲೆ ಬಣ್ಣಬಣ್ಣದ ಪೊರೆಯಾಗಿ ಹರಡಿತ್ತು. ಡಬ್ಬಿಯ ಗೋಡೆಗೆಲ್ಲ ನಸುಗೆಂಪು ಲೋಳೆ, ಮೂಗಿನ ಸಿಂಬಳದಂತೆ ಎಳೆ ಬಿಟ್ಟಿತ್ತು. ಎಷ್ಟು ಸೋಸಿದರೂ ನುಸುಳಿದ ಪತ್ರಿಯ ಚೂರು, ಗುಲಾಬಿಯ ಎಸಳು ತಳದಲ್ಲಿ ಕೊಳೆತು ಕರ್ರಗಿನ ರಾಡಿಯಾಗಿದ್ದವು. ಗಂಗಾ ಡಬ್ಬಿ ಅಲುಗಿಸಿದಾಗ ಆ ರಾಡಿ ನಿಧಾನ ಹೊರಳಿತು. ಸತ್ತ ಇಲಿಗೆ ಅತ್ತರು ಸಿಂಪಡಿಸಿದಂಥ ನಾತ ಪಡಸಾಲೆ ತುಂಬಿತು. ಮೀನಾ ಬಾಯಿಗೆ ಕೈ ಅಡ್ಡ ಹಿಡಿದು ಬಾಗಿಲಿಗೆ ಓಡಿದಳು.

"ಇದನ್ನರೀ ಅವರು ಹಗಲೂ ರಾತ್ರಿ ಎದಿಯೊಳಗ ಎಳಕೊಂಡಿದ್ದು!" ಗಂಗಾ ಡಬ್ಬಿಯನ್ನು ಅತ್ತೆಯ ಮುಂದಕ್ಕೆ ಸರಿಸಿದಳು. "ದೇವರ ನೀರ ಹೊಲಸಲ್ಲ ಅತ್ತಿ. ನಿಂತು ಕೊಳತ ನೀರ ಹೊಲಸು. ಅತ್ತರ ಮ್ಯಾಲೆ ಸುರದ್ರ ಅದೇನ್ ತೀರ್ಥ ಆಗತೈತಿ? ಮಾವನವರ ಮೂಗಿಗೆ ಗಾಳೀನ ಹೋಗಂಗಿಲ್ಲ. ಅವರಿಗೆ ವಾಸನೀನ ಹತ್ತಂಗಿಲ್ಲ! ಗುಲಾಬಿ ಇಟ್ರೂ ಅಷ್ಟ, ಸಗಣಿ ಇಟ್ರೂ ಅಷ್ಟ! ಹಂಗಾರ ಈ ಘಮಾ ಯಾರಿಗೆ? ಯಾರಿಗೆ ಅತ್ತಿ?"

"ಬಾಯಿ ಮುಚ್ಚ! ತೀರ್ಥಕ್ಕ ಹೊಲಸ ಅಂದ್ರ ನಾಲಗಿ ಬಿದ್ದಹೋಗತೈತಿ ನಿಂದು!"

"ತೀರ್ಥ ಐತಿ? ಹಂಗಾರ ಕೈ ಹಿಡೀರಿ, ಒಂದ ಗುಟುಕ ತಗೋರಿ!"

ಸೋಮವ್ವನ ಕೈ ಸೆರಗಿನೊಳಗಿಂದ ಹೊರಗೆ ಬರಲಿಲ್ಲ.

ಅಷ್ಟರಲ್ಲಿ ಕೋಣೆಯ ಬಾಗಿಲಲ್ಲಿ ಗೊರಗೊರ ಸದ್ದು. ಮಡಿವಾಳೆಪ್ಪನವರು! ಚೌಕಟ್ಟು ಹಿಡಿದು, ಜ್ವರದಲ್ಲಿ ತೂರಾಡುತ್ತ ನಿಂತಿದ್ದರು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದರೋ... ಮೆಲ್ಲಗೆ ಬಂದು ಡಬ್ಬಿಯ ಮುಂದೆ ಕೂತರು. ಮಗನ ಕಡೆ ನೋಡಲಿಲ್ಲ, ಸೊಸೆಯ ಕಡೆಯೂ ನೋಡಲಿಲ್ಲ. ಹೆಂಡತಿಯ ಮುಖವನ್ನೇ ನೋಡುತ್ತ ಎಡಗೈಯನ್ನು ಬಲಗೈಯ ಕೆಳಗಿಟ್ಟು, ತೀರ್ಥಕ್ಕೆ ಹಿಡಿಯುವಂತೆ ಅಂಗೈ ಗುಳಿಮಾಡಿ ಮುಂದೆ ಚಾಚಿದರು. ಪೂಜೆ ಮುಗಿಸಿ ಸೋಮವ್ವ ಕೊಟ್ಟದ್ದನ್ನು ನಲವತ್ತು ವರ್ಷ ಆ ಅಂಗೈ ಒಂದು ಮಾತೂ ಕೇಳದೆ ತೆಗೆದುಕೊಂಡಿತ್ತು. ಸೋಮವ್ವ ಮಿಸುಕಲಿಲ್ಲ. ಅವರು ತಾವೇ ಡಬ್ಬಿಯೊಳಗೆ ಕೈಯದ್ದಿ, ಆ ಲೋಳೆ ನೀರನ್ನು ಅಂಗೈಗೆ ತುಂಬಿಕೊಂಡು ತುಟಿಗೆ ಒಯ್ದರು.

"ಬ್ಯಾಡ್ರೀ...!"

ಸೋಮವ್ವ ಚೀರಿ ಅವರ ಕೈಗೆ ಹೊಡೆದಳು. ನೀರು ಗೋಡೆಗೆ ಚಿಮ್ಮಿತು.

"ಬ್ಯಾಡ್ರಿ... ಹೊಲಸ ಐತಿ ಅದು! ನನಗ ಗೊತ್ತಿತ್ತು ಹೊಲಸ ಐತಿ ಅಂತ! ಆ ವಾಸನಿ ನನಗೂ ಬಂದಿತ್ತು, ಮತ್ತಷ್ಟ ಅತ್ತರ ಹಾಕಿದೆ, ಅಯ್ಯೋ ನನ್ನ ಶಿವನ!" ಅವಳು ನೆಲಕ್ಕೆ ಕುಸಿದಳು. "ನಿಮ್ಮ ತೂತಿನ ವಾಸನಿ ನನಗ ತಡ್ಯಾಕ ಆಗಲಿಲ್ಲರಿ... ಹೇಸಿಕಿ ಬರತಿತ್ತು. ಗಂಡ ಅಂದ್ರ ಹೇಸಿಕಿ ಅಂತ ಯಾರ ಮುಂದ ಹೇಳಲಿ? ಅದಕ್ಕ ದೇವರ ಹೆಸರ ಹಚ್ಚಿದೆ..."

ಮಡಿವಾಳೆಪ್ಪನವರ ಕಣ್ಣಿಂದ ನೀರಿಳಿಯಿತು. ಸದ್ದಿಲ್ಲದ ಅಳು ಅದು. ಕೊರಳ ತೂತು ಮಾತ್ರ ಸೊಂಯ್ ಸೊಂಯ್ ಎನ್ನುತ್ತಿತ್ತು. ಕೆಂಚವ್ವ ಯಾರಿಗೂ ಹೇಳದೆ ಚಪ್ಪಲಿ ಮೆಟ್ಟಿ ಹೋದಳು.

ಅವತ್ತೇ ಸಂಜೆ ಅವರನ್ನು ಬೆಳಗಾವಿಗೆ ಒಯ್ದರು. ಈ ಸಲ ಶ್ರೀಶೈಲ ಹೊರಗೆ ನಿಲ್ಲಲಿಲ್ಲ. ಡಾಕ್ಟರು ಹೇಳಿದ್ದನ್ನು ತಲೆ ಬಗ್ಗಿಸಿಕೊಂಡು ಕೇಳಿದ. ಜೀವ ಉಳಿಯಿತು. ಎದೆ ಮಾತ್ರ ಮೊದಲಿನಂತಾಗುವುದಿಲ್ಲ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತದೆ ಎಂದರು. ಸೋಮವ್ವ ಅದನ್ನು ಕೇಳಿ ಅಳಲಿಲ್ಲ.

ಮನೆಗೆ ಮರಳಿದ ಮರುದಿನ ಬೆಳಿಗ್ಗೆ ಗಂಗಾ ಹಿತ್ತಲಿನ ಕಲ್ಲಿನ ಮೇಲೆ ಬಿಸಿನೀರು ಇಟ್ಟುಕೊಂಡು ಆ ಡಬ್ಬಿ ತಿಕ್ಕುತ್ತ ಕೂತಿದ್ದಳು. ಸೋಮವ್ವ ಬಂದು ಬಾಗಿಲ ಹತ್ತಿರ ನಿಂತಳು.

"ಗಂಗಾ... ನಿನಗ ಹೇಸಿಕಿ ಬರಂಗಿಲ್ಲೇನ?"

"ಬರತೈತಿ ಅತ್ತಿ. ದಿನಾ ಬರತೈತಿ. ಮೊದಲ ಮೊದಲ ಅಂಬಲಿ ನೋಡಿದ್ರೂ ಕಫಾನ ಕಂಡಂಗ ಆಗತಿತ್ತು, ಉಣ್ಣಾಕ ಆಗತಿದ್ದಿಲ್ಲ."

"ಮತ್ತ ಹೆಂಗ ಮಾಡತೀ?"

"ಬರಲಿ ಬಿಡು ಅಂತೇನಿ. ಅದು ಬರತೈತಿ, ಕೈ ತನ್ನ ಕೆಲಸಾ ಮಾಡತೈತಿ."

ಸೋಮವ್ವ ಕೆಳಗಿಳಿದು ಎದುರು ಕೂತಳು. "ನನಗ ಖೋಲಿಯೊಳಗ ಘಮಾ ಇಲ್ಲದ ಕುಂಡ್ರಾಕ ಆಗೂದಿಲ್ಲವಾ. ಖರೇ ಹೇಳತೇನಿ."

"ಇರಲಿ ಅತ್ತಿ. ನೀರಿನ್ಯಾಗ ಬ್ಯಾಡ, ಅವರ ಉಸಿರಿನ ಹತ್ತರನೂ ಬ್ಯಾಡ. ಪಡಸಾಲಿಯೊಳಗ ಒಂದ ತಾಟಿನ್ಯಾಗ ಮಲ್ಲಿಗಿ ಇಡೂಣು. ಅದಕ್ಕೂ ಅವರು ಕೆಮ್ಮಿದ್ರ ತಗದ ಒಗಿಯೂಣು. ಪೂಜಿ ನೀರ ಗಿಡದ ಬುಡಕ್ಕ. ಮಷೀನಿಗೆ ಬರೇ ಕುದಿಸಿ ಆರಿಸಿದ ನೀರ."

"ದಿನಾ ತೊಳೀಬೇಕು?"

"ದಿನಾ."

"ಇಲ್ಲೆ ಕೊಡ."

ಗಂಗಾ ಡಬ್ಬಿ ಕೊಟ್ಟಳು. ಮೂಲೆಯಲ್ಲಿ ಇನ್ನೂ ಒಂದಿಷ್ಟು ಲೋಳೆ ಉಳಿದಿತ್ತು. ಸೋಮವ್ವ ಬೆರಳು ಹಾಕಿ ಅದನ್ನು ಎಳೆದಳು. ಅದು ಉದ್ದಕ್ಕೆ ಎಳೆಯಾಗಿ ಬಂದು ಮುಂಗೈಗೆ ಅಂಟಿಕೊಂಡಿತು. ಅವಳು ಮುಖ ಪಕ್ಕಕ್ಕೆ ತಿರುಗಿಸಿದಳು.

"ಬಿಡ್ರಿ ಅತ್ತಿ, ನಾ ತೊಳಿತೇನಿ."

"ನೀ ಸುಮ್ಕ ಕುಂಡ್ರ."

ಅಷ್ಟು ಹೇಳಿ ಸೋಮವ್ವ ಎದ್ದು ಕರಿಬೇವಿನ ಗಿಡದ ಬುಡಕ್ಕೆ ಓಡಿ ವಾಂತಿ ಮಾಡಿಕೊಂಡಳು. ತಂಬಿಗೆಯ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಿದಳು. ಸೆರಗಿನಿಂದ ತುಟಿ ಒರೆಸಿಕೊಂಡು, ತಿರುಗಿ ಬಂದು ಕಲ್ಲಿನ ಮುಂದೆ ಕೂತು, ಮತ್ತೆ ಡಬ್ಬಿಯ ಮೂಲೆಗೆ ಬೆರಳು ಹಾಕಿದಳು.